ಸುಶೀಲವ್ವನ ಸ್ಟೀಲಿನ ಬೋಗೋಣಿ

ಹಿತ್ತಲಿನ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮಂಜವ್ವ ಹಾಲಿನ ಬೋಗೋಣಿ ತಿಕ್ಕುತ್ತಿದ್ದಳು. ಮೊದಲು ಒಲೆಯ ಬೂದಿ, ಆಮೇಲೆ ಹುಣಸೆಹಣ್ಣಿನ ಹಿಪ್ಪೆ, ಕೊನೆಗೆ ತೆಂಗಿನ ನಾರು. ಹೊರಮೈ ಮುಗಿಸಿ ಒಳಗೆ ಕೈ ಹಾಕಿದಳು. ತಳದ ಸುತ್ತ ಬೆರಳು ಆಡಿಸಿ, ನೀರು ಹೊಯ್ದು, ಬಿಸಿಲಿಗೆ ಹಿಡಿದಳು. ಹಿತ್ತಾಳೆಯ ಒಳಮೈ ಹೊಸ ಬೆಲ್ಲದ ಹಾಗೆ ಹಳದಿಯಾಗಿ ಹೊಳೆಯಿತು. ಹಿಂಬಾಗಿಲಲ್ಲಿ ಅವಳ ಅವ್ವ ಹಾಲವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮಂಜವ್ವ ಬೋಗೋಣಿಯನ್ನು ಅವಳ ಕಡೆ ತಿರುಗಿಸಿದಳು. ಹಾಲವ್ವ ಬಗ್ಗಿ ನೋಡಿ, ಒಳಗೆ ಕಂಡ ತನ್ನ ಮುಖದ ಕುಂಕುಮ ಸರಿಮಾಡಿಕೊಂಡು, ಹೊರಟುಹೋದಳು.

ಹಾಲವ್ವ ಮಾತಾಡದೆ ಹೋದಳೆಂದರೆ ಕೆಲಸ ಪಾಸಾಯಿತು ಎಂದೇ ಅರ್ಥ. ಹುಲಗೂರಿನ ಆ ಓಣಿಯಲ್ಲಿ ಅವಳ ಮನೆಯ ಹಿತ್ತಾಳೆಯಷ್ಟು ಹೊಳೆಯುವ ಹಿತ್ತಾಳೆ ಇರಲಿಲ್ಲ. ಈ ಬೋಗೋಣಿ ಅವಳು ಹಾನಗಲ್ಲಿನ ತವರಿನಿಂದ ಮದುವೆಯಲ್ಲಿ ತಂದದ್ದು. ವರ್ಷಕ್ಕೊಮ್ಮೆ ಸವಣೂರಿನಿಂದ ಕಲಾಯಿಯವನು ಬಂದು, ತಿದಿ ಊದಿ, ಓಣಿಯ ಪಾತ್ರೆಗಳ ಒಳಮೈಗೆಲ್ಲ ತವರದ ಬಿಳಿ ಲೇಪ ಎಳೆದು ಹೋಗುತ್ತಿದ್ದ. ಸಾರಿನ ಪಾತ್ರೆಗೆ ಹಾಲವ್ವ ಬೇಡ ಅನ್ನುತ್ತಿರಲಿಲ್ಲ. ಹಾಲಿನದಕ್ಕೆ ಮಾತ್ರ ಒಪ್ಪುತ್ತಿರಲಿಲ್ಲ. "ಹುಳಿಗೆ ಕಲಾಯಿ ಬೇಕು, ಖರೇ. ಹಾಲಿನ್ಯಾಗ ಹುಳಿ ಎಲ್ಲೈತಿ? ಸುಣ್ಣ ಬಳದ ಗ್ವಾಡಿ ಇದ್ದಂಗ ಕಾಣತೈತಿ" ಎನ್ನುತ್ತಿದ್ದಳು. ಯಾವಾಗಲೋ ಗಂಡ ಹಾಕಿಸಿದ ಕಲಾಯಿಯನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ತೆಗೆಸಿದ್ದಳು.

ಈಗ ಆ ಬೋಗೋಣಿಯಲ್ಲಿ ಕಾಯುತ್ತಿದ್ದದ್ದು ಬಸುವಿನ ಹಾಲು. ಬಸು ಮಂಜವ್ವನ ಅಕ್ಕ ಸರೋಜವ್ವನ ಮಗ. ಬಾಣಂತನಕ್ಕೆ ಹಿರೇಕೆರೂರಿನಿಂದ ಬಂದ ಸರೋಜವ್ವ ಇನ್ನೂ ತವರಿನಲ್ಲೇ ಇದ್ದಳು. ಮಗುವಿಗೆ ಆಗಲೇ ಎರಡು ಹಲ್ಲು ಮೂಡಿದ್ದವು, ತೆವಳಿ ತೆವಳಿ ಹೊಸ್ತಿಲಿನವರೆಗೆ ಬರುತ್ತಿತ್ತು. ಎದೆಹಾಲು ಸಾಲದೆಂದು ಇತ್ತೀಚೆಗೆ ಎಮ್ಮೆಯ ಹಾಲು ಶುರುವಾಗಿತ್ತು. ಬೆಳಿಗ್ಗೆ ಕಾಸಿದ ಹಾಲು ಸಣ್ಣ ಕೆಂಡದ ಮೇಲೆ ಸಂಜೆಯವರೆಗೂ ಬೆಚ್ಚಗೆ ಕೂತಿರುತ್ತಿತ್ತು. ಕೂಸು ಅತ್ತಾಗಲೆಲ್ಲ ಒಂದು ಬಟ್ಟಲು.

ಬಸುವಿಗಿಂತ ಮುಂಚೆ ಸರೋಜವ್ವನಿಗೆ ಮೊದಲ ಮಗಳು ಗೌರಿ ಇದ್ದಳು. ಸರೋಜವ್ವನ ಗಂಡನ ಮನೆ ಒಂದೇ ಖೋಲಿಯದೆಂದು ಹಾಲವ್ವನೇ ಹಟ ಮಾಡಿ ಮೊಮ್ಮಗಳನ್ನು ತನ್ನ ಹತ್ತಿರ ಇಟ್ಟುಕೊಂಡಿದ್ದಳು. ನಡೆಯಲು ಕಲಿತ ಮೇಲೆ ಗೌರಿಯ ಹೊಟ್ಟೆ ಉಬ್ಬುತ್ತ ಬಂತು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ ಎಂದರು. ಯಾರೋ ಬರೆ ಹಾಕಿಸಿ ಅಂದರು, ಹಾಕಿಸಿದರು. ಕಣ್ಣು ಹಳದಿಯಾಯಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ತಡವಾಗಿತ್ತು. ಆ ಮೇಲೆ ಆ ಮನೆಯಲ್ಲಿ ಗೌರಿಯ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಆದರೆ ಬಸುವಿಗೆ ಸ್ನಾನ ಮಾಡಿಸುವಾಗ ಹಾಲವ್ವನ ಕೈ ಅವನ ಹೊಟ್ಟೆಯ ಮೇಲೆ ಒಂದು ಗಳಿಗೆ ಹೆಚ್ಚಿಗೆ ನಿಲ್ಲುವುದನ್ನು ಮಂಜವ್ವ ದಿನಾ ನೋಡುತ್ತಿದ್ದಳು.

ನೋಡುವುದೇ ಅವಳ ಕೆಲಸ. ಶಾಲೆಯಲ್ಲಿ ಮಾಸ್ತರು ಕೇಳಿದ ಲೆಕ್ಕಕ್ಕೆ ಉತ್ತರ ಬರುತ್ತಿದ್ದರೂ ಬಾಯಿ ತೆರೆಯಲು ನಾಚಿಕೆ. ಐದನೆಯ ಇಯತ್ತೆಗೆ ಬಿಟ್ಟು ಮನೆಯಲ್ಲಿ ಕೂತಳು.

ಡಾಕ್ಟರು ಬರುವ ಸುದ್ದಿ ತಂದವಳು ಪಕ್ಕದ ಮನೆಯ ಯಂಕವ್ವ. ಬೋರಿನ ಮುಂದೆ ಕೊಡಗಳು ಸಾಲಾಗಿ ಕೂತಿದ್ದವು.

"ನಾಳೆ ನಮ್ಮ ಓಣಿಗೆ ಒಬ್ಬಾಕಿ ಡಾಕ್ಟರ್ ಬರ್ತಾಳಂತ. ದವಾಖಾನಿ ನರ್ಸಬಾಯಿ ಹೇಳಿ ಹೋಗ್ಯಾಳ. ಬರೇ ಕೂಸಿನ ಹೊಟ್ಟಿ ನೋಡ್ತಾಳಂತ."

"ಬರೇ ಹೊಟ್ಟಿ? ಮತ್ತ ಮಾರಿ ನೋಡಾಕ ಬ್ಯಾರೆ ಬರ್ತಾರೇನು?" ಎಂದಳು ಉಡಚವ್ವ, ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡೇ ಪಂಪು ಒತ್ತುತ್ತ.

"ಕರಳು, ಮತ್ತ ಲಿವರಂತ. ಅದನ್ನ ಇನ್ನಾ ಕಲಿಯಾಕತ್ತಾಳಂತ."

"ಡಾಕ್ಟರಾದ ಮ್ಯಾಲೂ ಕಲಿಯಾಕತ್ತಾಳಂದ್ರ ದಡ್ಡಿ ಇರಬೇಕು, ಪಾಪ" ಎಂದಳು ಉಡಚವ್ವ.

"ಅದಲ್ಲ ಕೇಳ್ರೆ ಇಲ್ಲೆ" ಎಂದಳು ಯಂಕವ್ವ ದನಿ ತಗ್ಗಿಸಿ. "ಅಡಗಿಮನಿಗೂ ಬರ್ತಾಳಂತ. ಕೂಸಿಗೆ ಹಾಲು ಕಾಸೋ ಬೋಗೋಣಿ ತೋರಸ್ರಿ ಅಂತಾಳಂತ."

ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ಪಂಪಿನ ಕಡೆ ನೋಡಲಿಲ್ಲ. ಪೇಟೆಯಿಂದ ಬಂದ ಹೆಣ್ಣುಮಗಳು, ಅದೂ ಡಾಕ್ಟರು, ಒಳಗೆ ಬಂದು ಅಜ್ಜಿಯ ಕಾಲದ ಹಿತ್ತಾಳೆ ಬೋಗೋಣಿ ನೋಡುವುದೆಂದರೆ! ಆಗಿನ್ನೂ ಎಂಬತ್ತರ ದಶಕದ ಶುರು. ಸ್ಟೀಲು ಹುಬ್ಬಳ್ಳಿಯಲ್ಲಿ ಮನೆಮನೆ ಸೇರಿದ್ದರೂ ಈ ಓಣಿಯಲ್ಲಿ ಇದ್ದದ್ದು ಒಂದೇ ಬೋಗೋಣಿ, ಸುಶೀಲವ್ವನದು. ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದ ಅವಳ ತಮ್ಮ ತಂದುಕೊಟ್ಟದ್ದು. ಅದರ ಕಂಠದ ಕೆಳಗೆ ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಅವಳ ಹೆಸರು ಕೊರೆದಿದ್ದ. ಸುಶೀಲವ್ವ ಅದರಲ್ಲಿ ಏನನ್ನೂ ಕಾಸುತ್ತಿರಲಿಲ್ಲ. ಜಗಲಿಯಿಂದ ಕಾಣುವ ಹಾಗೆ ಗೋಡೆಯ ಮಾಡದಲ್ಲಿ ಇಟ್ಟಿದ್ದಳು.

ಎಲ್ಲರ ಕಣ್ಣೂ ಸುಶೀಲವ್ವನ ಮೇಲೆ ಹೋದವು.

"ನನ್ನ ಬೋಗೋಣಿ ಮುಟ್ಟಬ್ಯಾಡ್ರಿ ಈಗ ಹೇಳ್ತೇನಿ" ಎಂದಳು ಅವಳು.

"ಓಣಿ ಮರ್ಯಾದಿ ಪ್ರಶ್ನೆ ಐತಿ, ನಿನಗ ಬೋಗೋಣಿ ಚಿಂತಿ!" ಎಂದು ಹಾಲವ್ವ ಮುಂದೆ ಬಂದಳು. ಅಲ್ಲಿಗೆ ಮಾತು ಮುಗಿದ ಹಾಗೆಯೇ. ಹಾಲವ್ವ ನಿಂತಲ್ಲೇ ವ್ಯವಸ್ಥೆ ಮಾಡಿದಳು. ಡಾಕ್ಟರು ಮುಂಬಾಗಿಲಿನಿಂದ ಒಂದು ಮನೆಗೆ ಬಂದಾಗ ಬೋಗೋಣಿ ಹಿಂಬಾಗಿಲಿನಿಂದ ಮುಂದಿನ ಮನೆ ಸೇರಬೇಕು. ಒಯ್ಯುವವಳು ಯಂಕವ್ವ. ಒಳಗೆ ಆ ಮನೆಯದೇ ಹಾಲು ಹೊಯ್ದಿಡಬೇಕು. ಕೊರೆದ ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ಹಿಡಿಯಬೇಕು. ಡಾಕ್ಟರಿಗೆ ಮನೆ ತೋರಿಸುವವಳು ಮಂಜವ್ವ.

"ಇಕಿ ಸರಿ" ಎಂದಳು ಹಾಲವ್ವ ಮಗಳ ಬೆನ್ನು ತಟ್ಟಿ. "ಬಾಯೇ ಬಿಡೂದಿಲ್ಲ. ನೀ ಸಾವಕಾಶ ನಡಿ ಅಷ್ಟ."

ಮರುದಿನ ಸವಣೂರಿನ ಬಸ್ಸಿನಿಂದ ಇಳಿದ ಡಾಕ್ಟರನ್ನು ನೋಡಿ ಮಂಜವ್ವನಿಗೆ ಅಚ್ಚರಿಯಾಯಿತು. ಸಾದಾ ಇಳಕಲ್ ಸೀರೆ, ಕಾಲಲ್ಲಿ ಧೂಳು ಹಿಡಿದ ಚಪ್ಪಲಿ, ಹೆಗಲಲ್ಲಿ ಕಿಣಿಕಿಣಿ ಎನ್ನುವ ಚೀಲ. ಚೀಲದ ತುಂಬ ಸಣ್ಣ ಸಣ್ಣ ಗಾಜಿನ ಬಾಟಲಿಗಳು.

"ನೀ ಮಂಜವ್ವ ಹೌದಿಲ್ಲೋ? ನಾನು ವೀರವ್ವ. ನಮ್ಮೂರು ಹಂಸಭಾವಿ. ಕಾಲೇಜಿನ್ಯಾಗ ಎಲ್ಲಾರೂ ವೀಣಾ ಅಂತ ಕರೀತಿದ್ರು, ನಾ ಸುಮ್ನಾದೆ. ನೀ ವೀರಕ್ಕಾ ಅನ್ನು."

ಮಂಜವ್ವ ತಲೆಯಾಡಿಸಿ, ಹೇಳಿದ ಹಾಗೆ ಸಾವಕಾಶವಾಗಿ ನಡೆದಳು.

ಮೊದಲ ಮನೆ ಯಂಕವ್ವನದೇ. ಡಾಕ್ಟರು ಕೈ ತೊಳೆದು, ಕೊಟ್ಟ ಚಹಾದ ಕಪ್ಪನ್ನು ಕುಡಿಯದೆ ಎರಡೂ ಅಂಗೈಯಲ್ಲಿ ಹಿಡಿದು ಕೂತಳು. ಯಂಕವ್ವ ಕಂಗಾಲಾದಳು. "ಸಕ್ರಿ ಕಡಿಮಿ ಆತೇನ್ರಿ?"

"ಇಲ್ಲವ್ವಾ, ಕೈ ಬೆಚ್ಚಗ ಮಾಡ್ಕೊಳ್ಳಾಕತ್ತೇನಿ. ತಣ್ಣನ ಕೈ ಇಟ್ರ ಕೂಸು ಹೊಟ್ಟಿ ಬಿಗಿ ಹಿಡಿತೈತಿ. ಒಳಗೇನೂ ತಿಳಿಯೂದಿಲ್ಲ. ನಮ್ಮ ಗುರುಗಳು ಮೊದಲ ಕಲಿಸಿದ್ದ ಇದು."

ಆಮೇಲೆ ಯಂಕವ್ವನ ಮೊಮ್ಮಗುವನ್ನು ತಾಯಿಯ ತೊಡೆಯ ಮೇಲೆ ಹಾಲು ಕುಡಿಯಲು ಬಿಟ್ಟು, ಅದು ಲೋಕ ಮರೆತು ಚೀಪುತ್ತಿರುವಾಗ ಹೊಟ್ಟೆಯ ಮೇಲೆ ಬೆರಳು ಇಟ್ಟಳು. ಕಿಬ್ಬೊಟ್ಟೆಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ, ಬಲಗಡೆಯ ಪಕ್ಕೆಲುಬಿನ ತನಕ. ಕಣ್ಣು ಮುಚ್ಚಿಕೊಂಡಿದ್ದಳು. ಹಿಟ್ಟು ಹದಕ್ಕೆ ಬಂದಿದೆಯೋ ಎಂದು ನೋಡುವವರ ಮುಖ ಹಾಗಿರುತ್ತದೆ ಎಂದುಕೊಂಡಳು ಮಂಜವ್ವ. ಅಷ್ಟರಲ್ಲಿ ಕೂಸು ಡಾಕ್ಟರ ಸೀರೆಯ ಮೇಲೆ ಉಚ್ಚೆ ಹೊಯ್ದಿತು.

"ಅಯ್ಯ ಶಿವನ!" ಎಂದು ಯಂಕವ್ವ ಹಣೆ ಬಡಿದುಕೊಂಡಳು.

"ಇರಲಿ ಬಿಡ್ರಿ. ಇಂವಾ ಪಾಸು ಮಾಡಿದ ನನ್ನ" ಎಂದು ಡಾಕ್ಟರು ನಕ್ಕಳು. "ಎಲ್ಲಿ, ಇವನ ಹಾಲಿನ ಬೋಗೋಣಿ ತೋರಸ್ರಿ?"

ಬೋಗೋಣಿ ಬಂತು. ಫಳಫಳ ಸ್ಟೀಲು. ಡಾಕ್ಟರು ಒಂದು ಚಮಚ ಹಾಲು ಬಾಟಲಿಗೆ ತುಂಬಿ ಬಿರಡೆ ಹಾಕಿದಳು. ಯಂಕವ್ವ ಕೈ ಮುಗಿದು ಕಳಿಸಿಕೊಟ್ಟು, ಡಾಕ್ಟರು ಹೊಸ್ತಿಲು ದಾಟುವ ಮುಂಚೆಯೇ ಹಿತ್ತಲ ಕಡೆ ಓಡಿದಳು.

ಎರಡನೆಯ ಮನೆಯಲ್ಲೂ ಎಲ್ಲ ಸುಸೂತ್ರ. ಮೂರನೆಯದು ಉಡಚವ್ವನ ಮನೆ. ಅಲ್ಲಿ ಬೋಗೋಣಿ ಬಂದಿರಲಿಲ್ಲ. ಹಿಂದಿನ ಸಂದಿಯಲ್ಲಿ ಯಾರದೋ ಎಮ್ಮೆ ಅಡ್ಡ ನಿಂತುಬಿಟ್ಟಿತ್ತು. ಉಡಚವ್ವ ಡಾಕ್ಟರಿಗೆ ಒಗ್ಗರಣೆ ಅವಲಕ್ಕಿ ಕೊಟ್ಟಳು, ಆಮೇಲೆ ಸವಣೂರಿನ ಖಾರ ಕೊಟ್ಟಳು, ಆಮೇಲೆ ತನ್ನ ಹೆರಿಗೆಯ ಕಥೆ ಹೇಳಿದಳು. ಖಾರ ನೆತ್ತಿಗೇರಿ ಡಾಕ್ಟರ ಕಣ್ಣಲ್ಲಿ ನೀರು ಬಂತು.

"ಬೋಗೋಣಿ ಎಲ್ಲೈತ್ರಿ?"

"ತೊಳ್ಯಾಕ ಹಾಕೇನ್ರಿ. ಭಾಳ ಸಾಫ್ ತೊಳೀಬೇಕ್ರಿ ನಮಗ."

ಹಿತ್ತಲಲ್ಲಿ ಟಣ್ಣೆಂದು ಸದ್ದಾಯಿತು. "ಹೈಕ್! ಸರೀ ಆಕಡೆ!" ಎಂದು ಯಂಕವ್ವ ಎಮ್ಮೆಯನ್ನು ಬೈಯುವುದು ಎಲ್ಲರಿಗೂ ಕೇಳಿಸಿತು. ಉಡಚವ್ವ ಜೋರಾಗಿ ಕೆಮ್ಮಿದಳು. ಕೊನೆಗೆ ಬೋಗೋಣಿ ಬಂತು, ಉಡಚವ್ವನ ಹೆಬ್ಬೆರಳು ತನ್ನ ಜಾಗ ಹಿಡಿಯಿತು. ಮಂಜವ್ವ ನೆಲ ನೋಡುತ್ತ ನಿಂತಳು. ನಗು ಬಂದರೆ ಏನು ಗತಿ ಎಂದು ತುಟಿ ಕಚ್ಚಿಕೊಂಡಿದ್ದಳು. ತಲೆಯೆತ್ತಿದಾಗ ಡಾಕ್ಟರೂ ತುಟಿ ಕಚ್ಚಿಕೊಂಡಿದ್ದು ಕಂಡಿತು. ಅದು ಖಾರದಿಂದ ಇರಬೇಕು ಎಂದುಕೊಂಡಳು.

ಮಧ್ಯಾಹ್ನ, ಉಳಿದದ್ದು ಮಂಜವ್ವನ ಮನೆಯೊಂದೇ ಎನ್ನುವಾಗ, ಡಾಕ್ಟರು ಬೇವಿನ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಟ್ಟಳು.

"ಕುಂದರು ಮಂಜವ್ವಾ. ನಿಮ್ಮೂರಾಗ ಉಂಡು ಉಂಡು ನಡ್ಯಾಕ ಆಗವಲ್ದು."

ಮಂಜವ್ವ ಕಟ್ಟೆಯ ತುದಿಯಲ್ಲಿ ಕೂತಳು. ಡಾಕ್ಟರು ಚೀಲ ತೆರೆದು ಬಾಟಲಿಗಳನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಇವನ್ನ ಎಲ್ಲಿಗೆ ಒಯ್ತೀರಿ?" ಆ ದಿನ ಮಂಜವ್ವ ಆಡಿದ ಮೊದಲ ಮಾತು ಅದು.

"ನಾ ಕಲಿಯೋ ದವಾಖಾನಿಗೆ. ಅಲ್ಲೆ ಮಶೀನಿನ್ಯಾಗ ಹಾಕಿ, ಹಾಲಿನ್ಯಾಗ ತಾಮ್ರ ಎಷ್ಟೈತಿ ಅಂತ ನೋಡ್ತಾರ." ಡಾಕ್ಟರು ಬಾಟಲಿ ಒಳಗಿಟ್ಟಳು. "ನಾ ಮಕ್ಕಳ ಡಾಕ್ಟರಾಗಿ ಓದಿ ಮುಗಿಸೇನಿ. ಈಗ ಬರೇ ಹೊಟ್ಟಿ, ಲಿವರ್ ಕಲಿಯಾಕ ಹೋಗೇನಿ. ನಮ್ಮ ವಾರ್ಡಿಗೆ ಒಂದೊಂದು ಕೂಸು ಬರತೈತಿ ನೋಡು, ಹೊಟ್ಟಿ ಗುಡಾಣ ಆಗಿರತೈತಿ, ಕಣ್ಣು ಹಳದಿ. ಕೈ ಇಟ್ರ ಲಿವರ್ ಕಲ್ಲು. ಆವಾಗ ನಾವು ಎಷ್ಟು ಕಲಿತಿದ್ರೂ ಅಷ್ಟ. ಅಳೂದೊಂದ ಬಾಕಿ. ನಮ್ಮ ಗುರುಗಳಂದ್ರು, ವಾರ್ಡಿನ್ಯಾಗ ಕಲಿಯೂದು ಅರ್ಧ, ಉಳಿದರ್ಧ ಅಡಗಿಮನ್ಯಾಗ ಐತಿ, ಹೋಗಿ ನೋಡ್ಕೊಂಡು ಬಾ ಅಂತ."

ಮಂಜವ್ವ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. ಕೈ ನಿಂತಿತು.

"ಹಿತ್ತಾಳ್ಯಾಗ ತಾಮ್ರ ಇರತೈತಿ" ಎಂದಳು ಡಾಕ್ಟರು. "ಕಲಾಯಿ ಇಲ್ಲದ ಬೋಗೋಣ್ಯಾಗ ಹಾಲು ಕಾಸಿ ತಾಸುಗಟ್ಟಲೆ ಇಟ್ರ ಅದು ಹಾಲಿಗೆ ಇಳೀತೈತಿ, ಕೂಸಿನ ಲಿವರಿನ್ಯಾಗ ಕೂಡತೈತಿ ಅಂತ ನಮ್ಮ ಗುರುಗಳ ಸಂಶಯ. ಸಂಶಯ ಅಷ್ಟ, ಇನ್ನಾ ಖಾತ್ರಿ ಆಗಿಲ್ಲ. ಅದಕ್ಕ ಈ ತಿರುಗಾಟ. ಹಾನಗಲ್, ಶಿಗ್ಗಾವಿ, ಎಲ್ಲಾ ಮುಗಿಸಿ ಇಲ್ಲಿಗೆ ಬಂದೇನಿ." ನಂತರ ಮಂಜವ್ವನ ಕಡೆ ತಿರುಗಿ, ಅದೇ ದನಿಯಲ್ಲಿ, "ಸುಶೀಲವ್ವ ಯಾರು?" ಎಂದಳು.

ಮಂಜವ್ವನ ಕಿವಿ ಬಿಸಿಯಾಯಿತು.

"ಎರಡನೇ ಮನ್ಯಾಗ ನೋಡಿದೆ. ಎಲ್ಲಾರೂ ಒಂದ ಜಾಗಕ್ಕ ಹೆಬ್ಬಟ್ಟು ಒತ್ತಿ ಹಿಡಿತಾರಲ್ಲ, ಅಲ್ಲೇನೈತಿ ಅಂತ ಹಣಿಕಿದೆ. ಉಡಚವ್ವನ ಮನ್ಯಾಗ ಅಂತೂ ನಕ್ಕೇ ಬಿಡ್ತಿದ್ದೆ." ಡಾಕ್ಟರು ನಕ್ಕಳು, ಆದರೆ ನಗು ಬೇಗ ಇಳಿಯಿತು. "ಅಲ್ಲೇ ಅಂದಿದ್ರ ಅವರಿಗೆ ನಾಚಿಕಿ ಆಗತಿತ್ತು. ನಮ್ಮವ್ವನೂ ಹಂಗ ಮಾಡಾಕಿನ. ಆದರ ನಾ ಹಿಂಗ ಸುಮ್ನ ಹೋದ್ರ ಏನಾಗತೈತಿ ಗೊತ್ತೇನು? ಹಿತ್ತಾಳ್ಯಾಗ ಕಾಸಿದ ಹಾಲು ಸ್ಟೀಲಿಗೆ ಹೊಯ್ದು ಕೊಟ್ಟಾರ. ಇದರಾಗ ತಾಮ್ರ ಸಿಕ್ಕರ ಸ್ಟೀಲಿಂದ ಬಂತು ಅಂತ ಆಗತೈತಿ, ಹಿತ್ತಾಳಿ ತಪ್ಪಿಲ್ಲ ಅಂತ ಆಗತೈತಿ. ಓಣ್ಯಾಗಿನ ಕೂಸುಗೋಳೆಲ್ಲ ಅದರಾಗ ಕುಡ್ಕೊಂತ ಕೂಡ್ತಾವು."

ಮಂಜವ್ವನಿಗೆ ಬೇವಿನ ನೆರಳು ಕಾಣಲಿಲ್ಲ. ದಿನಾ ತಿಕ್ಕಿ ಬಿಸಿಲಿಗೆ ಹಿಡಿಯುವ ಬೋಗೋಣಿಯ ಹಳದಿ ಒಳಮೈ ಕಂಡಿತು, ಗೌರಿಯ ಹಳದಿ ಕಣ್ಣು ಕಂಡಿತು. ತಿಕ್ಕಿದ್ದು ತಾನೇ, ಆಗಲೂ, ಈಗಲೂ. ಹೇಳಿದರೆ ಬಸು ಉಳಿಯಬಹುದು. ಹೇಳಿದರೆ ಅವ್ವನಿಗೆ ಗೌರಿಯ ಲೆಕ್ಕವೂ ತಿಳಿಯುತ್ತದೆ. ಗೌರಿಗೆ ಬಟ್ಟಲು ಬಟ್ಟಲು ಹಾಲು ಕುಡಿಸಿದ್ದು ಅವ್ವ.

"ನಡೀರಿ" ಎಂದಳು ಎದ್ದು. ಈ ಸಲ ಸಾವಕಾಶ ನಡೆಯಲಿಲ್ಲ.

ಹಾಲವ್ವ ಜಗಲಿಗೆ ಸೆಗಣಿ ಸಾರಿಸಿ, ಕಂಬಳಿ ಹಾಸಿ ಕಾಯುತ್ತಿದ್ದಳು. "ಬರ್ರಿ ಡಾಕ್ಟರ್ಬಾಯಾರ, ಕುಂದರ್ರಿ. ನಮ್ಮ ಹುಡುಗಿ ಕಾಡಲಿಲ್ಲಲಾ? ಮಾತ ಇಲ್ಲ ಅದಕ್ಕ. ಹುಟ್ಟಿದಾಗ ನಾಲಿಗಿ ಐತಿಲ್ಲೋ ಅಂತ ಬಾಯಿ ತೆರೆದು ನೋಡಿದ್ದೆ ನಾ."

ಡಾಕ್ಟರು ಚಹಾದ ಕಪ್ಪಿನಲ್ಲಿ ಕೈ ಕಾಸಿಕೊಂಡಳು. ಸರೋಜವ್ವ ಮಗನಿಗೆ ಎದೆ ಕೊಟ್ಟಳು. ಬಸು ಒಂದು ಕಣ್ಣಿನಿಂದ ಡಾಕ್ಟರನ್ನು ನೋಡುತ್ತ, ಕಾಲಿನಿಂದ ಅವಳ ಕೈ ತಳ್ಳುತ್ತ ಕುಡಿದ. ಬೆರಳುಗಳು ಕೆಳಗಿನಿಂದ ಮೇಲೆ ಹೋದವು. ಪಕ್ಕೆಲುಬಿನ ಹತ್ತಿರ ನಿಂತವು. ಮತ್ತೆ ಕೆಳಗೆ ಬಂದು ಮತ್ತೆ ಮೇಲೆ ಹೋದವು. ಬೇರೆ ಯಾವ ಮನೆಯಲ್ಲೂ ಎರಡು ಸಲ ಹೋಗಿರಲಿಲ್ಲ.

"ಲಿವರ್ ಒಂದು ಸ್ವಲ್ಪ ಕೈಗೆ ಸಿಗತೈತಿ" ಎಂದಳು ಡಾಕ್ಟರು ಕಣ್ಣು ತೆರೆದು. "ಅಂಜಬ್ಯಾಡ್ರಿ. ಮೆತ್ತಗೈತಿ. ಈ ವಯಸ್ಸಿಗೆ ಇಷ್ಟು ಸಿಗೂದು ಸಹಜನೂ ಇರಬಹುದು. ಹಿಂದ ಯಾವುದರ ಕೂಸಿಗೆ ಹೊಟ್ಟಿ ಬ್ಯಾನಿ ಆಗಿತ್ತೇನು ನಿಮ್ಮ ಮನ್ಯಾಗ?"

ಸರೋಜವ್ವ ಹೇಳಿದಳು. ಮೊದಲಿನಿಂದ ಕೊನೆಯವರೆಗೆ, ಮಗನ ತಲೆ ಸವರುತ್ತ, ಸಣ್ಣ ದನಿಯಲ್ಲಿ ಹೇಳಿದಳು. ಡಾಕ್ಟರು ನಡುವೆ ಒಂದೂ ಪ್ರಶ್ನೆ ಹಾಕದೆ ಕೇಳಿದಳು. ನಂತರ ಹಾಲವ್ವನ ಕಡೆ ತಿರುಗಿ, "ಇವನ ಹಾಲು ಯಾವುದರಾಗ ಕಾಸ್ತೀರವ್ವಾ?" ಎಂದಳು.

"ಇಲ್ಲೇ ಐತ್ರಿ." ಹಾಲವ್ವ ಒಳಗಿನಿಂದ ಸ್ಟೀಲಿನ ಬೋಗೋಣಿ ತಂದಳು. ಹೆಬ್ಬೆರಳು ಹೆಸರಿನ ಮೇಲಿತ್ತು.

ಡಾಕ್ಟರು ಬೋಗೋಣಿ ನೋಡಲಿಲ್ಲ, ಮಂಜವ್ವನನ್ನೂ ನೋಡಲಿಲ್ಲ. ಸುಮ್ಮನೆ ಬಾಟಲಿಯ ಬಿರಡೆ ತೆಗೆಯುತ್ತ ಕೂತಳು. ತೆಗೆಯುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

ಮಂಜವ್ವ ಎದ್ದು ಅಡುಗೆಮನೆಗೆ ಹೋದಳು. ಕೆಂಡದ ಮೇಲಿದ್ದ ಹಿತ್ತಾಳೆ ಬೋಗೋಣಿಯನ್ನು ಸೆರಗಿನಿಂದ ಹಿಡಿದು ತಂದು ಡಾಕ್ಟರ ಮುಂದೆ ಇಟ್ಟಳು. ಅರ್ಧ ಹಾಲಿತ್ತು.

"ಅದನ್ಯಾಕ ತಂದಿ? ಅದು ನಮ್ಮ ಚಹಾದ್ದು!" ಎಂದಳು ಹಾಲವ್ವ.

"ಅಲ್ಲ." ಮಂಜವ್ವ ಬೋಗೋಣಿಯನ್ನು ಡಾಕ್ಟರ ಕಡೆ ಇನ್ನಷ್ಟು ಸರಿಸಿದಳು. "ಬಸುನ ಹಾಲು ಇದರಾಗ ಕಾಸ್ತೇವಿ. ಮುಂಜಾನೆ ಕಾಸಿದ್ದು ಸಂಜಿತನಕ ಇದರಾಗ ಇರತೈತಿ. ಒಳಗ ಕಲಾಯಿ ಇಲ್ಲ. ನಾನ ತಿಕ್ಕಿ ತಗದೇನಿ. ಗೌರಿಗೂ ಇದರಾಗ ಕಾಸ್ತಿದ್ವಿ."

ಮನೆಯಲ್ಲಿ ಆ ಹೆಸರು ಗಟ್ಟಿಯಾಗಿ ಕೇಳಿ ಎಷ್ಟು ದಿನವಾಗಿತ್ತೋ.

"ಇಷ್ಟು ವರ್ಷ ಇಲ್ಲದ ನಾಲಿಗಿ ಇವತ್ತ ಬಂತೇನ ನಿನಗ? ನಾಲ್ಕು ಮಂದ್ಯಾಗ ನನ್ನ ಮಾನ ಕಳ್ಯಾಕ?" ಹಾಲವ್ವ ಕೂಗಲು ಶುರುಮಾಡಿದಳು. ಆದರೆ ಡಾಕ್ಟರು ಹಾಲಿನ ಬಗ್ಗೆ, ತಾಮ್ರದ ಬಗ್ಗೆ, ಎರಡನೆಯ ಮನೆಯಲ್ಲೇ ಕಂಡ ಹೆಸರಿನ ಬಗ್ಗೆ ಕಟ್ಟೆಯ ಮೇಲೆ ಹೇಳಿದ್ದನ್ನೇ ಮೆಲ್ಲಗೆ ಹೇಳುತ್ತ ಹೋದ ಹಾಗೆ ಅವಳ ದನಿ ಅಡಗಿತು. ಕಂಬಕ್ಕೆ ಒರಗಿ ಕೂತುಬಿಟ್ಟಳು. ಸ್ಟೀಲಿನ ಬೋಗೋಣಿ ಮಡಿಲಲ್ಲೇ ಇತ್ತು.

"ಬಾಯಾರ, ಖರೇ ಹೇಳ್ರಿ. ಗೌರೀನ ನಾನ ಕಳದೆನೇನು?"

ಡಾಕ್ಟರು ತಡಮಾಡಲಿಲ್ಲ. "ಗೊತ್ತಿಲ್ಲವ್ವಾ. ನನಗೂ ಗೊತ್ತಿಲ್ಲ, ನಮ್ಮ ಗುರುಗಳಿಗೂ ಗೊತ್ತಿಲ್ಲ. ನಮ್ಮವ್ವನೂ ಹಿತ್ತಾಳ್ಯಾಗ ಕಾಸಿ ಕುಡಿಸ್ಯಾಳ, ನಾ ನಿಮ್ಮ ಮುಂದ ಕುಂತೇನಿ. ಒಂದು ಕೂಸಿಗೆ ಆಗತೈತಿ, ಒಂದಕ್ಕಿಲ್ಲ. ಯಾಕ ಅಂತ ತಿಳಕೊಳ್ಳಾಕ ಬಂದೇನಿ. ನಿಮ್ಮ ಬೋಗೋಣಿ ನೋಡದಿದ್ರ ಅದು ಎಂದೂ ತಿಳಿಯೂದಿಲ್ಲ. ಆದರ ಬಸುಗ ಇದರಾಗ ಬ್ಯಾಡ. ಇವತ್ತಿಂದನ ಬ್ಯಾಡ."

"ಅವ್ವಾ" ಎಂದಳು ಸರೋಜವ್ವ. "ನೀ ಗೌರೀನ ನನಗಿಂತ ಹೆಚ್ಚು ಜೋಪಾನ ಮಾಡಿದಿ. ನನಗದು ಗೊತ್ತೈತಿ. ಅದನ್ನಷ್ಟ ತಲ್ಯಾಗಿಟ್ಕೋ."

ಬಸು ಎದೆ ಬಿಟ್ಟು, ತೆವಳಿಕೊಂಡು ಬಂದು, ಹಾಲವ್ವನ ಮಡಿಲಿನ ಬೋಗೋಣಿಯನ್ನು ಅಂಗೈಯಿಂದ ಟಣಟಣ ಬಾರಿಸಿದ. ಅವಳು ಮೂಗು ಒರೆಸಿಕೊಂಡು ಎದ್ದಳು. ಕೂಸನ್ನು ಕಂಕುಳಿಗೆ ಏರಿಸಿ ನೆಟ್ಟಗೆ ಹಿತ್ತಲಿಗೆ ಹೋಗಿ, ಗೋಡೆಯ ಮೇಲಿಂದ ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು:

"ಏ ಯಂಕವ್ವಾ! ನಿನ್ನ ಹಿತ್ತಾಳಿ ಬೋಗೋಣಿ ತಗೊಂಬಾ ಇಲ್ಲೆ! ಉಡಚವ್ವಗೂ ಹೇಳು! ಡಾಕ್ಟರ್ಬಾಯಾರಿಗೆ ಎರಡನೇ ಮನ್ಯಾಗ ಗೊತ್ತಾಗೇತಂತ ನಿಮ್ಮ ಶಾಣ್ಯಾತನ!"

"ನಮ್ಮ ಶಾಣ್ಯಾತನ?" ಎಂದಿತು ಗೋಡೆಯಾಚೆಯ ದನಿ. "ಮಾಡಿದಾಕಿ ಯಾರಬೇ?"

"ಯಾರರ ಆಗಲಿ! ತಗೊಂಬಾ ಅಂದ್ನಿ!"

ಒಂದು ಗಳಿಗೆಯಲ್ಲಿ ಹಾಲವ್ವನ ಅಂಗಳ ಹಿತ್ತಾಳೆಯಿಂದ ತುಂಬಿತು. ಅವರ ಬೆನ್ನ ಹಿಂದೆಯೇ ಕೂಸುಗಳು, ಕೂಸುಗಳ ಅಜ್ಜಿಯರು. ಡಾಕ್ಟರು ಬಾಟಲಿಗಳಲ್ಲಿದ್ದ ಹಾಲು ಚೆಲ್ಲಿ, ಅವನ್ನು ತೊಳೆದು, ಬಿಸಿನೀರಿನಲ್ಲಿ ಅದ್ದಿ, ಮತ್ತೆ ಮೊದಲಿನಿಂದ ಶುರುಮಾಡಿದಳು. ಮಂಜವ್ವ ಪಕ್ಕದಲ್ಲಿ ಕೂತು ಒಂದೊಂದೇ ಬಾಟಲಿ ಕೊಟ್ಟಳು. "ನಿನಗ ಹೇಳಿದ್ದೆ ನಾನು, ಡಾಕ್ಟರು ದಡ್ಡಿ ಅಲ್ಲ ಅಂತ" ಎಂದು ಉಡಚವ್ವ ಯಂಕವ್ವನಿಗೆ ಹೇಳುತ್ತಿದ್ದಳು. "ನೀ ಯಾವಾಗ ಹೇಳಿದ್ಯೆ?" ಎಂದು ಯಂಕವ್ವ ಮೈಮೇಲೆ ಹೋದಳು.

ಹೋಗುವಾಗ ಡಾಕ್ಟರು ಮಂಜವ್ವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ನೋಡಿದಳು. "ಬೆಚ್ಚಗದಾವು. ಇಂಥಾ ಕೈ ಬೇಕು ನಮಗ" ಎಂದು ನಕ್ಕು ಬಸ್ಸು ಹತ್ತಿದಳು.

ತಿಂಗಳು ಕಳೆದು ಅವಳು ಮತ್ತೆ ಬಂದಳು. ಮಶೀನು ಏನು ಹೇಳಿತು ಎಂದು ಹಾಲವ್ವ ಕೇಳಿದ್ದಕ್ಕೆ, ಈ ಓಣಿಯ ಹಾಲಿನಲ್ಲಿ ಇರಬೇಕಾದದ್ದಕ್ಕಿಂತ ತಾಮ್ರ ಬಹಳ ಇತ್ತು ಎಂದಳು. ಇನ್ನೂ ಬೇಕಾದಷ್ಟು ಊರು ನೋಡುವುದಿದೆ, ಆಮೇಲೆ ಖಾತ್ರಿ ಮಾತು ಎಂದಳು. ಬಸುವಿನ ಹೊಟ್ಟೆಯ ಮೇಲೆ ಬೆರಳು ಆಡಿಸಿದಳು. ಕೆಳಗಿನಿಂದ ಮೇಲೆ, ಮತ್ತೊಮ್ಮೆ ಕೆಳಗಿನಿಂದ ಮೇಲೆ.

"ಏನೂ ಸಿಗವಲ್ದು" ಎಂದಳು.

ಹಾಲವ್ವನ ಮುಖ ಬಿಳಿಚಿತು.

"ಸಿಗದಿದ್ರ ಛಲೋ ಅವ್ವಾ! ಸಿಗದಿದ್ರನ ಛಲೋ!"

ಹಾಲವ್ವ ಆ ದಿನ ಓಣಿಗೆಲ್ಲ ಬೆಲ್ಲ ಹಂಚಿದಳು. ಮರುವಾರ ಸವಣೂರಿನ ಕಲಾಯಿಯವನನ್ನು ಹೇಳಿಕಳಿಸಿ, ಅವನ ತಿದಿಯ ಮುಂದೆ ತಾನೇ ಕೂತು, "ಇನ್ನಾ ಬೆಳ್ಳಗ ಹಾಕೋ, ಸುಣ್ಣ ಬಳದ ಗ್ವಾಡಿಯಂಗ ಕಾಣ್ಬೇಕು" ಎಂದು ಅವನ ಪ್ರಾಣ ತೆಗೆದಳು. ಆದರೆ ತವರಿನ ಆ ಬೋಗೋಣಿಯಲ್ಲಿ ಮಾತ್ರ ಕಲಾಯಿ ಹಾಕಿಸಿದ ಮೇಲೂ ಹಾಲು ಕಾಸಲಿಲ್ಲ. ಅದರಲ್ಲಿ ಮಣ್ಣು ತುಂಬಿ ಹಿತ್ತಲಿನ ಗೋಡೆಯ ಮೇಲೆ ಇಟ್ಟು, ಒಂದು ಮಲ್ಲಿಗೆಯ ಬಳ್ಳಿ ನೆಟ್ಟಳು. ಕೇಳಿದವರಿಗೆ, "ಗೌರಿಗೆ" ಎಂದಳು. ಅಷ್ಟು ಗಟ್ಟಿಯಾಗಿಯೇ ಎಂದಳು.

ಸ್ಟೀಲಿನ ಬೋಗೋಣಿ ಡಾಕ್ಟರು ಮೊದಲ ಸಲ ಬಂದ ದಿನದಿಂದ ಹಾಲವ್ವನ ಒಲೆಯ ಮೇಲೆಯೇ ಉಳಿಯಿತು. ಬಸುವಿನ ಹಾಲು ಕಾದ ಮೇಲೆ ಬೆಳಿಗ್ಗೆಯೇ ಹಿಂಬಾಗಿಲಿನಿಂದ ಯಂಕವ್ವನ ಮನೆಗೆ ಹೋಗಿ, ಅಲ್ಲಿಂದ ಉಡಚವ್ವನ ಮನೆಗೆ ಹೋಗಿ, ಸಂಜೆಗೆ ವಾಪಸು ಬರುತ್ತಿತ್ತು. ಎಮ್ಮೆ ಕೂಡ ಈಗ ಸಂದಿಯಲ್ಲಿ ತಾನಾಗಿಯೇ ಸರಿದು ದಾರಿ ಬಿಡುತ್ತಿತ್ತು.

ಒಂದು ಬೆಳಿಗ್ಗೆ ಮಂಜವ್ವ ಒಲೆಯ ಮುಂದೆ ಕೂತು ಹಾಲು ಉಕ್ಕುವುದನ್ನೇ ಕಾಯುತ್ತಿದ್ದಳು. ಬಸು ಅವಳ ಬೆನ್ನು ಹಿಡಿದು ನಿಂತು, ಬಟ್ಟಲನ್ನು ನೆಲಕ್ಕೆ ಬಡಿಯುತ್ತಿದ್ದ. ಹಿತ್ತಲಿನ ಗೋಡೆಯಾಚೆಯಿಂದ ಸುಶೀಲವ್ವನ ದನಿ ಕೇಳಿತು. ಹಾಲವ್ವ ತುಟಿಯ ಮೇಲೆ ಬೆರಳಿಟ್ಟು, ಬಸುವಿನ ಕೈಯಿಂದ ಬಟ್ಟಲು ಕಸಿದುಕೊಂಡಳು. ಬಾಣಲೆಯ ಸದ್ದು ಮಾಡುತ್ತಿದ್ದ ಯಂಕವ್ವ ಸದ್ದು ನಿಲ್ಲಿಸಿದಳು. ಉಡಚವ್ವನ ಮನೆಯಲ್ಲಿ ಅಳುತ್ತಿದ್ದ ಕೂಸಿನ ಬಾಯಿಗೂ ಏನೋ ಬಿತ್ತು. ಓಣಿಯ ಹಿತ್ತಲುಗಳೆಲ್ಲ ತಣ್ಣಗಾದವು. ಹಾಲು ಏರಿ ಕಂಠದ ತನಕ ಬಂತು. ಮಂಜವ್ವ ಮೆಲ್ಲಗೆ ಊದಿ ಇಳಿಸಿದಳು.

ಗೋಡೆಯಾಚೆ ಸುಶೀಲವ್ವ ಇನ್ನೊಮ್ಮೆ ಕೂಗಿದಳು:

"ಹಾಲವ್ವಾ, ಇವತ್ತರ ನನ್ನ ಬೋಗೋಣಿ ಕೊಡ ಯವ್ವಾ."